ಬ್ರೇಕಕ್ಕ ಮತ್ತು ಇಲ್ಲದ ನಾಯಿ

ನಮ್ಮಕ್ಕನನ್ನು ಯಾರಾದರೂ ಒಂದು ಮಾತು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ, ನನ್ನ ಯಜಮಾನರ ಅಣ್ಣನ ಹೆಂಡತಿ. ಮದುವೆಯಾದ ಹೊಸತರಲ್ಲಿ ನಾನು ಅವಳನ್ನು ‘ನೀವು’ ಎನ್ನುತ್ತಿದ್ದೆ. “ಏನು ನೀವು ಗೀವು, ನಾನೇನು ನಿನ್ನ ಹೆಡ್‌ಮಾಸ್ತರಾ?” ಎಂದು ಗದರಿಸಿ ಅವಳೇ ‘ನೀನು’ ಮಾಡಿಸಿದಳು. ಒಂದೇ ಮನೆಯಲ್ಲಿ ಇಬ್ಬರು ಓರಗಿತ್ತಿಯರು ಜಗಳವಿಲ್ಲದೆ ಹೇಗಿದ್ದೀರಿ ಎಂದು ಕೇಳುವವರು ಬಹಳ. ಜಗಳವಾಡಲು ಅವಳು ಮನೆಯಲ್ಲಿದ್ದರೆ ತಾನೇ! ಬೆಳಿಗ್ಗೆ ಕಾರು ಹತ್ತಿದವಳು ಇಳಿಯುವುದು ದೀಪ ಹಚ್ಚುವ ಹೊತ್ತಿಗೆ. ಒಲೆ ನನ್ನದು, ಹೊಲಿಗೆ ಮಿಷನ್ನು ನನ್ನದು, ಅತ್ತೆಯವರ ಕಥೆಗಳಿಗೆ ಹೂಂಗುಟ್ಟುವ ಕೆಲಸವೂ ನನ್ನದೇ.

ಅಕ್ಕ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಾಳೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕಂಗಾಲಾದಾಗ ಕಲಿಸುವವರು ಒತ್ತಲಿ ಎಂದು. ಅಕ್ಕನ ಎಡಗಾಲು ಸದಾ ಅದರ ಮೇಲೆ. ಅದು ಎಷ್ಟು ರೂಢಿಯಾಗಿಬಿಟ್ಟಿದೆ ಎಂದರೆ, ನನ್ನ ಯಜಮಾನರ ಕಾರಿನಲ್ಲಿ ಸುಮ್ಮನೆ ಪಕ್ಕಕ್ಕೆ ಕೂತಾಗಲೂ ತಿರುವು ಬಂದಲ್ಲೆಲ್ಲ ನೆಲ ಒತ್ತುತ್ತಾಳೆ. ಟಿವಿಯಲ್ಲಿ ಕಾರುಗಳು ಅಟ್ಟಿಸಿಕೊಂಡು ಹೋಗುವ ಸಿನಿಮಾ ಬಂದರಂತೂ ಮುಗಿಯಿತು. ಅವಳು ಕುರ್ಚಿಯಲ್ಲೇ ಬ್ರೇಕ್ ಹಾಕುತ್ತ ಹಾಕುತ್ತ ಸುಸ್ತಾಗುತ್ತಾಳೆ. ಹಾಗಾಗಿ ಬೀದಿಗೆಲ್ಲ ಅವಳು ಬ್ರೇಕಕ್ಕ.

ಅವಳು ಈ ಕೆಲಸಕ್ಕೆ ಇಳಿದದ್ದೇ ಸಿಟ್ಟಿನಿಂದ. ಮೊದಲು ಅವಳಿಗೆ ಕಾರು ಕಲಿಸಲು ಹೊರಟವರು ನಮ್ಮ ಭಾವ, ಅಂದರೆ ಅವಳ ಗಂಡ. ಭಾವ ಬಹಳ ಒಳ್ಳೆಯವರು, ಆದರೆ ಕಾರಿನೊಳಗೆ ಕೂತರೆ ಮೈಮೇಲೆ ಏನೋ ಬಂದವರಂತೆ ಆಡುತ್ತಾರೆ. ‘ಕ್ಲಚ್ಚು! ಕ್ಲಚ್ಚು ಅಂದ್ನಲ್ಲ! ಕಣ್ಣೆಲ್ಲಿಟ್ಟಿದ್ದೀಯಾ!’ ಎಂದು ಅವರು ಕೂಗಿದ ಕೂಗಿಗೆ ಅಕ್ಕ ಕಾರನ್ನು ನಡುರಸ್ತೆಯಲ್ಲೇ ನಿಲ್ಲಿಸಿ, ಕೀಲಿಯನ್ನು ಅವರ ಮಡಿಲಿಗೆ ಹಾಕಿ, ನಡೆದುಕೊಂಡು ಮನೆಗೆ ಬಂದಳಂತೆ. ಆಮೇಲೆ ಬೇರೆ ಕಡೆ ಕಲಿತಳು, ಪರವಾನಗಿ ಮಾಡಿಸಿಕೊಂಡಳು, ಹಳೆಯದೊಂದು ಚಿಕ್ಕ ಕಾರು ಕೊಂಡು ತಾನೇ ಕಲಿಸತೊಡಗಿದಳು. ಬೈಯದೆ ಕಲಿಸಬೇಕು, ಅದೊಂದೇ ಅವಳ ಹಟ. ಕಲಿಯುವವರು ಹುಡುಗಿಯಾಗಲಿ ಮೊಮ್ಮಕ್ಕಳ ಅಜ್ಜಿಯಾಗಲಿ, ಅವಳ ಬಾಯಲ್ಲಿ ಎಲ್ಲರೂ ‘ಕಂದ’. ಎದುರಿಗೆ ಲಾರಿ ಬರುತ್ತಿದ್ದರೂ “ಹೆದರಬೇಡ ಕಂದ, ನಿಧಾನಕ್ಕೆ ಬ್ರೇಕ್ ಒತ್ತು” ಎನ್ನುವ ಗಂಟಲು ಅವಳದು.

ಅವಳ ಕೆಲಸದ ಕ್ರಮವನ್ನೂ ಹೇಳಬೇಕು, ಏಕೆಂದರೆ ಎಡವಟ್ಟು ಆದದ್ದು ಅದರಿಂದಲೇ. ಬೆಳಿಗ್ಗೆ ಮೊದಲನೆಯ ಶಿಷ್ಯೆ ನಮ್ಮ ಮನೆಯ ಮುಂದೆ ಬಂದು ಚಾಲಕರ ಸೀಟಿನಲ್ಲಿ ಕೂರುತ್ತಾಳೆ. ಪಾಠ ಮುಗಿಯುವುದು ಎರಡನೆಯ ಶಿಷ್ಯೆಯ ಮನೆಯ ಮುಂದೆ. ಅವಳು ಹತ್ತಿದರೆ ಮೂರನೆಯವಳ ಮನೆ. ಹೀಗೆ ಒಬ್ಬರಿಂದ ಒಬ್ಬರ ಕೈಗೆ ದಾಟುತ್ತ ಹೋಗುವ ಕಾರು ಸಂಜೆಗೆ ಕೊನೆಯ ಶಿಷ್ಯೆಯ ಕೈಯಲ್ಲಿ ನಮ್ಮ ಮನೆಗೇ ವಾಪಸು. ಪೆಟ್ರೋಲೂ ಉಳಿಯಿತು, ಹೊತ್ತೂ ಉಳಿಯಿತು ಎಂದು ಅಕ್ಕನಿಗೆ ಹೆಮ್ಮೆ. ಆದರೆ ಇದರಿಂದಾಗಿ ಅವಳು ತನ್ನ ಕಾರನ್ನು ತಾನೇ ಒಬ್ಬಳೇ ಓಡಿಸಿ ಯಾವ ಕಾಲವಾಗಿತ್ತೋ! ಊರಿಗೆಲ್ಲ ಓಡಿಸಲು ಕಲಿಸುವವಳು ವರ್ಷಗಟ್ಟಲೆ ಪಕ್ಕದ ಸೀಟಿನಲ್ಲೇ ಕೂತಿದ್ದಳು.

ಆ ದಿನ ಕೊನೆಯ ಶಿಷ್ಯೆಗೆ ಜ್ವರ, ಬರಲಿಲ್ಲ. ಅಕ್ಕ ತಾನೇ ಸ್ಟಿಯರಿಂಗ್ ಹಿಡಿದಳು. ಇಳಿಜಾರಿನ ರಸ್ತೆ, ಕೆಳಗೆ ತಿರುವು, ತಿರುವಿನಲ್ಲಿ ಒಂದು ಮನೆಯ ಕಬ್ಬಿಣದ ಗೇಟು. ತಿರುವು ಹತ್ತಿರ ಬಂದಾಗ ಅಕ್ಕ ರೂಢಿಯಂತೆ, “ಹೆದರಬೇಡ ಕಂದ, ನಿಧಾನಕ್ಕೆ ಬ್ರೇಕ್ ಒತ್ತು” ಅಂದಳು. ಅಂದು, ಕಂದ ಒತ್ತಲಿ ಎಂದು ಕಾದಳು. ಕಂದ ಇದ್ದರೆ ತಾನೇ ಒತ್ತುವುದು! ಇನ್ನು ತಾನೇ ಒತ್ತಬೇಕು ಎಂದು ಎಡಗಾಲು ಹಾಕಿದಳು. ಪಕ್ಕದ ಸೀಟಿನಲ್ಲಾದರೆ ಎಡಗಾಲಿಗೆ ಬ್ರೇಕ್ ಸಿಗುತ್ತಿತ್ತು. ಚಾಲಕರ ಸೀಟಿನಲ್ಲಿ ಸಿಕ್ಕಿದ್ದು ಕ್ಲಚ್ಚು. ಕ್ಲಚ್ಚು ಒತ್ತಿದ ಕಾರು ಇಳಿಜಾರಿನಲ್ಲಿ ಹಗುರವಾಗಿ ಉರುಳಿಕೊಂಡು ಹೋಗಿ ಗೇಟನ್ನು ಗುದ್ದಿ, ಗೇಟಿನ ಸಮೇತ ಅಂಗಳಕ್ಕೆ ನುಗ್ಗಿ ನಿಂತಿತು. ದೇವರು ದೊಡ್ಡವನು, ಅಕ್ಕನಿಗೆ ಒಂದು ತರಚೂ ಆಗಲಿಲ್ಲ. ಕಾರಿನ ಮೂತಿ ಮಾತ್ರ ಒಳಗೆ ಹೋಗಿತ್ತು.

ಕಾರನ್ನು ಗ್ಯಾರೇಜಿಗೆ ಎಳೆದುಕೊಂಡು ಹೋದರು. ಅಕ್ಕ ಮನೆಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತವಳು ಏಳಲೇ ಇಲ್ಲ. ನಡೆದದ್ದನ್ನು ನನ್ನ ಕಿವಿಯಲ್ಲಿ ಹೇಳಿದಳು. ನನಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅವಳು ನಗಲಿಲ್ಲ. “ನಗಬೇಡ ಕಣೇ. ಇದು ಗೊತ್ತಾದ್ರೆ ನನ್ನ ಹತ್ರ ಯಾರು ಬರ್ತಾರೆ? ವಿಮೆಯೋರು ರಿಪೇರಿ ಮಾಡಿಸಿಕೊಡದೇ ಇದ್ರೆ ಇನ್ನೊಂದು ಕಾರು ತರೋ ಶಕ್ತಿ ನನಗಿಲ್ಲ. ಇಲ್ಲಿಗೆ ಮುಗೀತು ಅಂದ್ಕೋ ನನ್ನ ಕಲಿಸೋ ಕೆಲಸ,” ಅಂದಳು. ಅವಳ ಕಣ್ಣು ನೋಡಿ ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಕೆಲಸ ಹೋದರೆ ಅಕ್ಕ ಅಕ್ಕನಾಗಿ ಉಳಿಯುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಷ್ಟರಲ್ಲಿ ಭಾವ ನಡುಮನೆಯಲ್ಲಿ ವಿಮಾ ಕಂಪನಿಗೆ ಫೋನು ಹಚ್ಚಿಯೇಬಿಟ್ಟಿದ್ದರು. “ನಾಯಿ ಅಡ್ಡ ಬಂತು ಸಾರ್. ಮೂಕಪ್ರಾಣಿ ನೋಡಿ, ಉಳಿಸೋಕೆ ಹೋಗಿ ಹೀಗಾಯ್ತು,” ಎನ್ನುತ್ತಿದ್ದರು. ಹೆಂಡತಿಯ ಮಾನ ಉಳಿಸುವುದಕ್ಕೆಂದೇ ಹೇಳಿದರು ಪಾಪ, ಆದರೆ ಹೇಳುವಾಗ ಅವರ ಮುಖದಲ್ಲಿದ್ದ ಉತ್ಸಾಹ ನೋಡಬೇಕಿತ್ತು. ಫೋನಿಟ್ಟು, “ಎಲ್ಲರೂ ಕೇಳಿಸ್ಕೊಳ್ಳಿ. ನಾಯಿ. ನಾಯಿ ಅಡ್ಡ ಬಂತು. ತಿಳೀತಾ?” ಅಂದರು. ಅಕ್ಕ ತಲೆ ಎತ್ತಲಿಲ್ಲ. ಅತ್ತೆಯವರು ಮಾತ್ರ ಹಲ್ಲಿಲ್ಲದ ಬಾಯಲ್ಲಿ, “ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ,” ಎಂದು ಗೊಣಗಿದರು. ನಾನು ಕಣ್ಣು ಬಿಟ್ಟು ನೋಡಿದೆ, ಸುಮ್ಮನಾದರು.

ಎರಡು ದಿನ ಬಿಟ್ಟು ವಿಮಾ ಕಂಪನಿಯ ಸರ್ವೇಯರು ಬಂದರು. ಅಪಘಾತವಾದ ಕಾರನ್ನು ನೋಡಿ, ನಡೆದದ್ದು ನಿಜವೇ ಎಂದು ವಿಚಾರಿಸಿ ವರದಿ ಕೊಡುವವರು. ತೆಳ್ಳಗೆ, ಎತ್ತರಕ್ಕೆ, ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಅಳತೆ ಟೇಪು. ನಾನು ನಡುಮನೆಯಲ್ಲಿ ಮಿಷನ್ನಿನ ಮುಂದೆ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಭಾವ ಅವರನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಫ್ಯಾನು ಅವರ ಕಡೆ ತಿರುಗಿಸಿ, ಎದುರಿಗೆ ಕೈಕಟ್ಟಿ ಕೂತರು.

“ನಾಯಿ ಯಾವ ಬಣ್ಣದ್ದು?” ಸರ್ವೇಯರು ಕೇಳಿದರು.

ಈ ಪ್ರಶ್ನೆಗೆ ಭಾವ ತಯಾರಾಗಿರಲಿಲ್ಲ. “ಕಂದು,” ಅಂದರು. ಅದೇ ಹೊತ್ತಿಗೆ ಬಾಗಿಲ ಬಳಿ ಕೂತಿದ್ದ ಅತ್ತೆಯವರು, “ಕರೀದು,” ಅಂದರು.

“ಕರಿ ಕಂದು,” ಎಂದು ಭಾವ ತಿದ್ದಿದರು.

“ಮರಿಗಳೂ ಇದ್ವು,” ಅಂದರು ಅತ್ತೆಯವರು. ನಮ್ಮ ಅತ್ತೆ ಹಾಗೆಯೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವುದಲ್ಲದೆ ಕರುವಿಗೆ ಹೆಸರನ್ನೂ ಇಡುತ್ತಾರೆ. “ಪಾಪ, ಬಾಣಂತಿ ನಾಯಿ. ಹಿಂದೆ ಮುಂದೆ ಮರಿಗಳು. ಒಂದಕ್ಕೆ ಕಾಲು ಕುಂಟು.”

“ಅಜ್ಜಿ, ನೀವು ಕಾರಲ್ಲಿದ್ರಾ?”

“ನಾನ್ಯಾಕಪ್ಪ ಇರಲಿ? ನನಗೆ ಕಾರು ಅಂದ್ರೆ ವಾಂತಿ.”

ಸರ್ವೇಯರು ನನ್ನ ಕಡೆ ತಿರುಗಿದರು. ನಾನು ಬಾಯಲ್ಲಿದ್ದ ದಾರ ಕಡಿಯುತ್ತಲೇ ಇದ್ದೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇಂಥ ಹೊತ್ತಿಗೇ ಇರಬೇಕು. ಅವರು ಪೆನ್ನು ಮುಚ್ಚಿ ಗಂಟಲು ಸರಿಮಾಡಿಕೊಂಡರು.

“ನೋಡಿ ಸಾರ್,” ಎಂದು ಭಾವನಿಗೆ ಹೇಳಿದರು, “ನಾನು ಗೇಟಿನ ಮನೆಗೆ ಹೋಗಿಬಂದೆ. ಅಲ್ಲಿರೋರು ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದ ಹಿರಿಯರು. ಕಿಟಕಿ ಹತ್ರಾನೇ ಕೂತಿದ್ರಂತೆ. ನಾಯಿ ನರಿ ಏನೂ ಇರಲಿಲ್ಲ ಅಂತಾರೆ. ಆದ್ರೆ ಕಾರೊಳಗಿಂದ ‘ಹೆದರಬೇಡ ಕಂದ, ಬ್ರೇಕ್ ಒತ್ತು’ ಅಂತ ಒಂದು ಧ್ವನಿ ಕೇಳಿಸ್ತಂತೆ. ಅಂದ್ರೆ ಓಡಿಸ್ತಿದ್ದೋರು ಬೇರೆ ಯಾರೋ. ಪರವಾನಗಿ ಇಲ್ಲದ ಹುಡುಗೀನ ಕೂರಿಸಿ, ಗುದ್ದಿದ ಮೇಲೆ ಅವರು ಬಾಗಿಲು ತೆಗೆದು ಬರೋಷ್ಟರಲ್ಲಿ ಅವಳನ್ನ ಕಳಿಸಿಬಿಟ್ಟು, ಈಗ ನಾಯಿ ಕಥೆ ಹೇಳ್ತಿದ್ದೀರಿ. ಹೀಗಾದ್ರೆ ಕ್ಲೇಮು ತಿರಸ್ಕಾರ ಮಾಡಿ ಅಂತಲೇ ನಾನು ಬರೀಬೇಕಾಗುತ್ತೆ.”

ಭಾವನ ಮುಖ ಸುಟ್ಟ ಬದನೆಕಾಯಿಯಾಯಿತು. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಎನ್ನುತ್ತಾರೆ. ಅವರ ಹತ್ತಿರ ಎರಡನೆಯದೇ ಇರಲಿಲ್ಲ. ಆಗ ಅಡುಗೆಮನೆಯಿಂದ ಅಕ್ಕ ಬಂದಳು. ಕೈ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ.

“ನಾಯಿ ಇರಲಿಲ್ಲ ಸಾರ್,” ಅಂದಳು. “ಹುಡುಗೀನೂ ಇರಲಿಲ್ಲ. ಇದ್ದಿದ್ದು ನಾನೊಬ್ಬಳೇ. ಬ್ರೇಕ್ ಒತ್ತು ಅಂತ ನಾನು ಹೇಳಿದ್ದು ನನಗೇ. ಯಾರೋ ಒತ್ತುತ್ತಾರೆ ಅಂತ ಕಾದೆ. ಯಾರೂ ಒತ್ತಲಿಲ್ಲ.”

ಸರ್ವೇಯರು ಮತ್ತೆ ಪೆನ್ನು ತೆರೆದರು. “ಮೇಡಂ, ಬೇಜಾರು ಮಾಡ್ಕೋಬೇಡಿ. ನಾಯಿ ಕಥೆನಾದ್ರೂ ನಂಬಬಹುದಿತ್ತು.”

ನನ್ನ ಪಿತ್ತ ನೆತ್ತಿಗೇರಿತು. ಸುಳ್ಳು ಹೇಳಿದರೆ ತಪ್ಪು, ಸರಿ. ನಿಜ ಹೇಳಿದರೂ ತಪ್ಪೆಂದರೆ ಮನುಷ್ಯರು ಮಾಡುವುದೇನು? ಮಿಷನ್ನು ಬಿಟ್ಟು ಎದ್ದೆ. “ಅಲ್ಲ ಸಾರ್, ನಮ್ಮಕ್ಕ ಟಿವಿ ನೋಡ್ತಾ ಬ್ರೇಕ್ ಹಾಕೋಳು! ಮೊನ್ನೆ ಕುಕ್ಕರ್ ಕೂಗಿದ್ದಕ್ಕೆ ‘ನಿಧಾನ ಕಂದ’ ಅಂದಿದ್ದಾಳೆ. ಬೇಕಾದ್ರೆ ನಮ್ಮ ಮನೆ ಕಾರಿದೆ, ಹತ್ತಿ. ಅವಳು ಓಡಿಸ್ಲಿ, ನೀವೇ ಪಕ್ಕ ಕೂತು ನೋಡಿ. ಕೂತು ನೋಡದೆ ಅವಳನ್ನ ಸುಳ್ಳುಗಾತಿ ಅಂತ ಬರೆದ್ರೆ ನಾನು ಸುಮ್ನಿರೋಳಲ್ಲ!”

“ಏಯ್, ಸುಮ್ನಿರೇ,” ಅಂದಳು ಅಕ್ಕ. ನಾನು ಸುಮ್ಮನಿರಲಿಲ್ಲ. ಸರ್ವೇಯರಿಗೆ ನನ್ನ ಕೈಯಲ್ಲಿದ್ದ ಕತ್ತರಿ ನೋಡಿ ಹೆದರಿಕೆಯಾಯಿತೋ, ನ್ಯಾಯ ಅನ್ನಿಸಿತೋ, ಎದ್ದು ಚಪ್ಪಲಿ ಮೆಟ್ಟಿದರು.

ನನ್ನ ಯಜಮಾನರ ಕಾರು ಆ ದಿನ ಮನೆಯಲ್ಲೇ ಇತ್ತು. ಅಕ್ಕ ಚಾಲಕರ ಸೀಟಿನಲ್ಲಿ, ಪಕ್ಕದಲ್ಲಿ ಸರ್ವೇಯರು, ಹಿಂದೆ ನಾನು. ಕತ್ತರಿಯನ್ನು ಮನೆಯಲ್ಲೇ ಇಟ್ಟು ಬಂದಿದ್ದೆ. ಅಕ್ಕ ಕೀಲಿ ತಿರುಗಿಸಿದಳು. ಬೀದಿ ದಾಟಿದೆವು, ಅಂಗಡಿಸಾಲು ದಾಟಿದೆವು. ಅಕ್ಕನ ಬಾಯಿಂದ ಒಂದು ಮಾತಿಲ್ಲ. ತುಟಿಯನ್ನು ಹೊಲಿದುಕೊಂಡವಳಂತೆ ಕೂತಿದ್ದಾಳೆ! ಬೇಡದಾಗ ಆಡುವ ಬಾಯಿ ಬೇಕಾದಾಗ ಮುಚ್ಚಿಕೊಂಡರೆ ನಾನೇನು ಮಾಡಲಿ? ಹಿಂದಿನಿಂದ ಅವಳ ಹೆಗಲಿಗೆ ಚಿವುಟಲೇ ಅಂದುಕೊಂಡೆ.

ಆಗ ಗಲ್ಲಿಯೊಂದರಿಂದ ಗುಜರಿಯವನ ತಳ್ಳುಗಾಡಿ ನೇರ ರಸ್ತೆಗೇ ಬಂತು. ಮೇಲೊಂದು ಹಳೆಯ ಬೀರು, ಬೀರುವಿನ ಹಿಂದೆ ಎಲ್ಲೋ ತಳ್ಳುವ ಮನುಷ್ಯ. ಅವನಿಗೆ ನಾವು ಕಾಣುವಂತೆಯೇ ಇರಲಿಲ್ಲ.

“ಹೆದರಬೇಡ ಕಂದ, ನಿಧಾನಕ್ಕೆ ಬ್ರೇಕ್ ಒತ್ತು,” ಅಂದಳು ಅಕ್ಕ, ಬೆಣ್ಣೆಯಂಥ ಗಂಟಲಲ್ಲಿ.

ಕಾರು ನಿಂತಿತು. ಈ ಸಲ ಅವಳ ಬಲಗಾಲು ಒತ್ತಬೇಕಾದದ್ದನ್ನೇ ಒತ್ತಿತ್ತು. ತಳ್ಳುಗಾಡಿಯವನು ನಮಗೇ ನಾಲ್ಕು ಬೈದು ಮುಂದೆ ಹೋದ. ನಾನು ಬಗ್ಗಿ ನೋಡಿದೆ. ಸರ್ವೇಯರು ಎರಡೂ ಕೈಯಲ್ಲಿ ಸೀಟು ಹಿಡಿದು, ಎರಡೂ ಕಾಲನ್ನು ಚಾಚಿ, ನೆಲವನ್ನು ಒತ್ತಿ ಹಿಡಿದಿದ್ದರು. ಕಾಲಡಿಯ ಮ್ಯಾಟು ಸುರುಳಿ ಸುತ್ತಿಕೊಂಡು ಮೇಲೆ ಬಂದಿತ್ತು.

ಅಕ್ಕ ಅವರ ಕಾಲನ್ನು ನೋಡಿದಳು. ಅವರೂ ತಮ್ಮ ಕಾಲನ್ನೇ ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ.

“ಒತ್ತಿದ್ದು ಸಾಕು ಸಾರ್, ಕಾರು ನಿಂತಿದೆ,” ಅಂದೆ ನಾನು.

ಮೊದಲು ನಕ್ಕವರು ಸರ್ವೇಯರು. ಆಮೇಲೆ ನಾನು. ಅಕ್ಕ ಸ್ಟಿಯರಿಂಗಿಗೆ ಹಣೆ ಹಚ್ಚಿ ನಗತೊಡಗಿದಳು, ಹಾರ್ನು ಕೂಗಿಕೊಂಡಿತು, ಅದಕ್ಕೆ ಇನ್ನೂ ನಗು. ಅಪಘಾತವಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನನಗೆ ನಗುವಿನ ಜೊತೆಗೇ ಅಳುವೂ ಬಂತು. ಹಿಂದೆ ನಿಂತ ಗಾಡಿಗಳೆಲ್ಲ ಅರಚುತ್ತಿದ್ದವು, ಅರಚಲಿ ಬಿಡಿ.

ಮನೆಗೆ ಬಂದು ಸರ್ವೇಯರು ಹೇಳಿದರು: “ಗ್ಯಾರೇಜಲ್ಲಿ ನಿಮ್ಮ ಕಾರು ನೋಡಿದಾಗಲೇ ನನಗೊಂದು ಅನುಮಾನ ಇತ್ತು ಮೇಡಂ. ಚಾಲಕರ ಸೀಟು ಪೂರ್ತಿ ಮುಂದಕ್ಕೆ ಎಳೆದಿತ್ತು, ಮೇಲೆ ದಿಂಬು. ನಿಮ್ಮಷ್ಟು ಗಿಡ್ಡ ಇರೋರು ಬಿಟ್ಟು ಬೇರೆಯೋರ ಮಂಡಿ ಅಲ್ಲಿ ಹಿಡಿಸಲ್ಲ. ನಾಯಿ ಕಥೇನೇ ನನ್ನ ದಾರಿ ತಪ್ಪಿಸಿದ್ದು.” ಆಮೇಲೆ ಭಾವನ ಕಡೆ ತಿರುಗಿ, “ಸಾರ್, ತಪ್ಪು ಮಾಡದೇ ಇರೋರು ಯಾಕೆ ವಿಮೆ ಕಟ್ತಾರೆ? ಕೈತಪ್ಪು ಕಾಲುತಪ್ಪಿಗೆ ಅಂತಲೇ ಅದು ಇರೋದು. ಇದ್ದದ್ದು ಇದ್ದಹಾಗೆ ಬರೆದುಕೊಡಿ, ಆ ನಾಯೀನ ಬಿಟ್ಟುಬಿಡಿ,” ಅಂದರು.

ಭಾವ ತಲೆ ಕೆರೆದುಕೊಳ್ಳುತ್ತ ಹೊಸದಾಗಿ ಬರೆದುಕೊಟ್ಟರು, ಅಕ್ಕ ಸಹಿ ಹಾಕಿದಳು. “ಮರಿಗಳ ಗತಿ?” ಎಂದು ಅತ್ತೆಯವರು ಕೇಳಿದರು.

ಕ್ಲೇಮು ಪಾಸಾಯಿತು. ಗೇಟಿಗೂ ಕಂಪನಿಯೇ ಕೊಟ್ಟಿತು. ಕಾರು ಹೊಸ ಮೂತಿ ಹಾಕಿಸಿಕೊಂಡು ಮಿರಿಮಿರಿ ಮಿಂಚುತ್ತ ಬಂದು ಮನೆಯ ಮುಂದೆ ನಿಂತಿತು. ನಾನು ಬೀದಿಗೆಲ್ಲ ಸಿಹಿ ಹಂಚಿದೆ. ಆದರೆ ಅಕ್ಕ ಹತ್ತಲಿಲ್ಲ. ಇವತ್ತು ನಾಳೆ ಎನ್ನುತ್ತಾಳೆ, ಶಿಷ್ಯೆಯರ ಫೋನು ಬಂದರೆ ಸ್ನಾನ ಮಾಡುತ್ತಿದ್ದಾಳೆ ಎಂದು ನನ್ನಿಂದ ಹೇಳಿಸುತ್ತಾಳೆ. ದಿನಕ್ಕೆ ಎಷ್ಟು ಸಲ ಸ್ನಾನ ಮಾಡಿಸಲಿ ನಾನು ಅವಳಿಗೆ? ಒಂದು ದಿನ ರೇಗಿಯೇಬಿಟ್ಟೆ. ಅದಕ್ಕವಳು, “ಯಾವ ಮುಖ ಇಟ್ಕೊಂಡು ಹೇಳಿಕೊಡಲೇ? ಬ್ರೇಕ್ ಎಲ್ಲಿದೆ ಅಂತ ನನಗೇ ಗೊತ್ತಿಲ್ಲ,” ಅಂದಳು. ಆನೆಗೂ ಅಡಿ ತಪ್ಪುತ್ತದೆ ಅಂದೆ. ಭಾವ ಹೇಳಿದರು, ನನ್ನ ಯಜಮಾನರು ಹೇಳಿದರು. ಊಹೂಂ. ವಿಮೆಯವರು ಕಾರನ್ನು ನೆಟ್ಟಗೆ ಮಾಡಿಕೊಟ್ಟರು, ಇವಳನ್ನು ನೆಟ್ಟಗೆ ಮಾಡುವವರು ಯಾರು?

ಒಂದು ಬೆಳಿಗ್ಗೆ ಗೇಟಿನ ಮನೆಯ ದಾದಿಯಮ್ಮ ಬಂದರು. ದಪ್ಪ ಕನ್ನಡಕ, ಹತ್ತಿ ಸೀರೆ, ಕಾಲಿಗೆ ಬಿಗಿಯಾಗಿ ಕಟ್ಟಿದ ಬೂಟು. ಜಗಳಕ್ಕೇ ಬಂದಿದ್ದಾರೆಂದು ನಾನು ಸೆರಗು ಸಿಕ್ಕಿಸಿಕೊಂಡೆ. ಅವರು ನನ್ನನ್ನು ದಾಟಿ ಅಕ್ಕನ ಮುಂದೆ ನಿಂತರು.

“ನನಗೆ ಕಾರು ಕಲಿಸಬೇಕು,” ಅಂದರು.

ಅಕ್ಕ ಬೆಪ್ಪಾಗಿ, “ಅಮ್ಮಾ, ನಿಮ್ಮ ಗೇಟು ಮುರಿದೋಳು ನಾನೇ,” ಅಂದಳು.

“ಗೊತ್ತು. ಅದಕ್ಕೇ ಬಂದೆ. ನಮ್ಮನೆಯೋರು ಇದ್ದಾಗ ನನಗೆ ಕಲಿಸೋಕೆ ಬಂದಿದ್ರು. ಮೂರೇ ದಿನ. ಬೈದು ಬೈದು, ನಾನು ಆ ಸೀಟಿನ ಸಹವಾಸವೇ ಬಿಟ್ಟುಬಿಡೋ ಹಾಗೆ ಮಾಡಿದ್ರು.” ದಾದಿಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಹೆರಿಗೆ ವಾರ್ಡಲ್ಲಿ ಜನ್ಮವೆಲ್ಲ ಕಳೆದೋಳು ನಾನು. ಕಷ್ಟದ ಹೊತ್ತಲ್ಲಿ ಮನುಷ್ಯರ ಬಾಯಿಂದ ಏನು ಬರುತ್ತೆ ಅಂತ ನನಗೆ ಗೊತ್ತು. ಆವತ್ತು ನಿಮ್ಮ ಕಾರು ಉರುಳಿಕೊಂಡು ಬರ್ತಾ ಇತ್ತು, ನಾನು ಕಿಟಕೀಲಿ ನೋಡ್ತಾನೇ ಇದ್ದೆ. ಗೇಟು ಗುದ್ದೋ ಹೊತ್ತಲ್ಲೂ ನೀವು ಒಳಗಿದ್ದ ಹುಡುಗೀನ ಒಂದು ಮಾತು ಬೈಲಿಲ್ಲ. ಆಮೇಲೆ ಸರ್ವೇಯರು ಹೇಳಿದ್ರು, ಒಳಗೆ ಹುಡುಗೀನೇ ಇರಲಿಲ್ಲ ಅಂತ. ಯಾರೂ ಇಲ್ಲದಾಗಲೂ ಬೈಯದೇ ಇರೋ ಮೇಷ್ಟ್ರು ನನಗೆ ಇನ್ನೆಲ್ಲಿ ಸಿಗಬೇಕು?”

ಅಕ್ಕ ಗೋಡೆ ಹಿಡಿದುಕೊಂಡು ಅತ್ತಳು, ಮಕ್ಕಳ ಹಾಗೆ, ಜೋರಾಗಿ. ನಾನೂ ಅತ್ತುಬಿಟ್ಟೆ. ಅತ್ತೆಯವರು ಏನಾಯಿತೆಂದು ಕೇಳದೆಯೇ ಅಳತೊಡಗಿದರು. ದಾದಿಯಮ್ಮ ಒಬ್ಬರೇ ಅಳಲಿಲ್ಲ. ಅಳುವವರನ್ನು ನೋಡಿ ರೂಢಿಯಾದವರು, ಗೋಡೆಯ ಮೊಳೆಯಲ್ಲಿದ್ದ ಕೀಲಿ ತೆಗೆದುಕೊಂಡು ಹೊರಗೆ ಹೋಗಿ ಚಾಲಕರ ಸೀಟಿನಲ್ಲಿ ಕೂತೇಬಿಟ್ಟರು.

“ಬರ್ತೀರೋ, ನಾನೊಬ್ಬಳೇ ಹೊರಡಲೋ?” ಎಂದು ಕೂಗಿದರು.

ಅಕ್ಕ ಬರಿಗಾಲಲ್ಲೇ ಓಡಿದಳು. ಬಾಗಿಲು ತೆರೆದು ಪಕ್ಕದ ಸೀಟಿನಲ್ಲಿ ಕೂತಳು. ಕಾರು ಮೊಲದ ಹಾಗೆ ಕುಪ್ಪಳಿಸಿ ನಿಂತಿತು, ಮತ್ತೆ ಕುಪ್ಪಳಿಸಿ ನಿಂತಿತು, ಮೂರನೆಯ ಸಲ ಬೀದಿಗಿಳಿಯಿತು. ಗಾಜಿನ ಹಿಂದೆ ಅಕ್ಕ ಏನೋ ಹೇಳುತ್ತಿದ್ದಳು, ದಾದಿಯಮ್ಮ ತಲೆಯಾಡಿಸುತ್ತಿದ್ದರು. ಅವರು ತಿರುವು ದಾಟಿ ಮರೆಯಾಗುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಒಳಗೆ ಬಂದು, ಬಂದ ಮೊದಲನೆಯ ಫೋನಿಗೇ ಹೇಳಿದೆ, ಅಕ್ಕ ಸ್ನಾನ ಮಾಡುತ್ತಿಲ್ಲ, ಪಾಠಕ್ಕೆ ಹೋಗಿದ್ದಾಳೆ, ನೀವು ನಾಳೆ ತಯಾರಾಗಿರಿ ಎಂದು.